ಕೆಂಚು ಕೂದಲಿನ ಅಕ್ಕ

ಎಪ್ಪತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ತುಮಕೂರಿನಲ್ಲಿ ಬಿ.ಎಸ್ಸಿ. ಮುಗಿಸಿ ಗುಬ್ಬಿಯ ನಮ್ಮ ಮನೆಯಲ್ಲಿ ಸುಮ್ಮನೆ ಕೂತಿದ್ದೆ. ಗಂಡು ಹುಡುಕುವ ಮಾತು ನಡೆಯುತ್ತಿತ್ತು, ಯಾವುದೂ ಕೂಡಿಬರುತ್ತಿರಲಿಲ್ಲ. ಹಾಗಿರುವಾಗ ಒಂದು ಬೆಳಗ್ಗೆ, ಕೆರೆಯ ಕಡೆಯಿಂದ ಬಂದ ಮಂಜು ಇನ್ನೂ ಬೀದಿಯಲ್ಲಿ ಅಲೆಯುತ್ತಿದ್ದ ಹೊತ್ತಿಗೆ, ನಮ್ಮ ಬಾಗಿಲ ಮುಂದೆ ಜಟಕಾ ನಿಂತಿತು. ಬಿಳಿಯ ಹೆಂಗಸೊಬ್ಬಳು ಇಳಿದಳು. ನನಗಿಂತ ನಾಲ್ಕೈದು ವರ್ಷ ದೊಡ್ಡವಳಿರಬೇಕು. ಸೀರೆಯನ್ನು ಕಣಕಾಲು ಕಾಣುವಷ್ಟು ಮೇಲೆ ಉಟ್ಟಿದ್ದಳು. ಕೂದಲು ಮುಸುಕಿನ ಜೋಳದ ತೆನೆಯ ಎಳೆಗಳ ಬಣ್ಣ.

ದೂರದ ಚಳಿ ದೇಶದವಳು. ಹೊಟ್ಟೆಗೆ ಸಾಲದೆ ಸೊರಗಿದ ನಮ್ಮ ತಾಲ್ಲೂಕಿನ ಮಕ್ಕಳ ಆರೈಕೆಯ ಕೆಲಸಕ್ಕೆ ಸಂಬಳವಿಲ್ಲದೆ ತಾನಾಗಿ ಬಂದಿದ್ದಳು. ಅಪ್ಪ ಮುಂದಿನ ಕೋಣೆಯನ್ನು ಅವಳಿಗೆ ಕೊಡಲು ಒಪ್ಪಿದ್ದರು. ಅಮ್ಮನನ್ನು ಕಂಡವಳೇ ಕೈಮುಗಿದು, "ತಮ್ಮ ದರ್ಶನದಿಂದ ನನಗೆ ಅತ್ಯಂತ ಸಂತೋಷವಾಗಿದೆ" ಎಂದಳು.

ಅಮ್ಮ ಗಾಬರಿಯಿಂದ ಅಡುಗೆಮನೆಗೆ ಓಡಿಬಂದಳು. "ಇದೇನೇ, ರೇಡಿಯೋದಲ್ಲಿ ವಾರ್ತೆ ಓದ್ದಂಗೆ ಮಾತಾಡ್ತಾಳೆ! ನೀನೇ ಹೋಗಿ ಮಾತಾಡು. ಮೊಟ್ಟೆ ಗಿಟ್ಟೆ ಮನೆಯೊಳಕ್ಕೆ ತರಬಾರ್ದು ಅಂತ ಮೊದ್ಲೇ ಹೇಳ್ಬಿಡು."

ಪುಸ್ತಕ ನೋಡಿ ಕನ್ನಡ ಕಲಿತಿದ್ದಳು, ಪಾಪ. ನಾನು ಅವಳನ್ನು ಅಕ್ಕ ಎಂದು ಕರೆಯತೊಡಗಿದೆ. ಹಳ್ಳಿಗಳಲ್ಲಿ ಅವಳ ಕನ್ನಡವನ್ನು ಕನ್ನಡಕ್ಕೇ ತಿರುಗಿಸಿ ಹೇಳುವುದು ನನ್ನ ಕೆಲಸವಾಯಿತು.

ಆ ದಿನಗಳನ್ನು ಈಗ ನೆನೆದರೆ ಎಲ್ಲವೂ ನೀರಿನ ತಳದಲ್ಲಿ ಕಂಡಂತೆ ಕಾಣುತ್ತದೆ, ಸ್ವಲ್ಪ ಅಲುಗಾಡುತ್ತಾ, ಸದ್ದಿಲ್ಲದೆ. ಬೆಳಗಿನ ಮೊದಲ ಬಸ್ಸಿನಲ್ಲಿ ಹಾಗಲವಾಡಿ. ಅಲ್ಲಿ ಇಳಿದು ಹೊಲಗಳ ನಡುವೆ ನಡೆದರೆ ಒಂದು ಸಣ್ಣ ಊರು. ಇಬ್ಬನಿಯಲ್ಲಿ ನಮ್ಮಿಬ್ಬರ ಸೀರೆಯ ಅಂಚೂ ಒದ್ದೆಯಾಗಿ ಕಾಲಿಗೆ ಅಂಟಿಕೊಳ್ಳುತ್ತಿತ್ತು. ಶಾಲೆಯ ಜಗಲಿಯಲ್ಲಿ ರಾಗಿ, ಹೆಸರುಕಾಳು, ಕಡಲೆಕಾಯಿ ಬೀಜ ಹುರಿದು ಬೀಸಿದ ಹಿಟ್ಟಿಗೆ ಬೆಲ್ಲ ಹಾಕಿ ಗಂಜಿ ಕಾಯಿಸುತ್ತಿದ್ದೆವು. ಮೊದಮೊದಲು ಯಾರೂ ಮಕ್ಕಳನ್ನು ಕಳಿಸಲಿಲ್ಲ. ಅಕ್ಕ ಎಲ್ಲರೆದುರು ತಾನೇ ಒಂದು ಲೋಟ ಕುಡಿದು, ಮೂಗಿನ ಮೇಲೆ ಗಂಜಿ ಮೆತ್ತಿಕೊಂಡು ನಿಂತಳು. ದೂರದಿಂದ ನೋಡುತ್ತಿದ್ದ ಮಕ್ಕಳು ನಕ್ಕರು. ಮಾರನೆಯ ದಿನದಿಂದ ಒಬ್ಬೊಬ್ಬರಾಗಿ ಬರತೊಡಗಿದರು.

ಹಾಗೆ ಬಂದವರಲ್ಲಿ ಒಬ್ಬಳು ಮುದುಕಿ. ಸೊಂಟದ ಮೇಲೆ ಎರಡು ವರ್ಷದ ಮೊಮ್ಮಗಳು. ಮಗುವಿನ ತಾಯಿಗೆ ಆಗಲೇ ಇನ್ನೊಂದು ಕೂಸಾಗಿ, ಇದನ್ನು ಮೊಲೆ ಬಿಡಿಸಿ ಅಜ್ಜಿಯ ಬಳಿ ಬಿಟ್ಟಿದ್ದರು. ತೋಳು ಕಡ್ಡಿಯಂತಿತ್ತು, ಪಾದಗಳು ಮಾತ್ರ ಊದಿದ್ದವು. ಅಕ್ಕ ಬೆರಳಿಂದ ಒತ್ತಿದರೆ ಕುಳಿ ಹಾಗೇ ಉಳಿಯಿತು. ಮಗು ಅಳಲೂ ಇಲ್ಲ, ನಗಲೂ ಇಲ್ಲ. ಎಲ್ಲೋ ದೂರದಲ್ಲಿರುವ ಏನನ್ನೋ ನೋಡುತ್ತಿತ್ತು. ಕೂದಲು ಕಪ್ಪು ಕಳೆದುಕೊಂಡು ತಾಮ್ರದ ಬಣ್ಣಕ್ಕೆ ತಿರುಗಿತ್ತು.

"ಊಟವು ಸಾಲದಿದ್ದರೆ ಕೂದಲು ಹೀಗೆ ಆಗುತ್ತದೆ," ಎಂದು ಅಕ್ಕ ವಿವರಿಸಿದಳು.

ಅಜ್ಜಿ ಅವಳ ತಲೆಯನ್ನೇ ನೋಡುತ್ತಾ ನಿಂತಳು. ಆಮೇಲೆ ಬಹಳ ಮರುಕದಿಂದ ಕೇಳಿದಳು: "ನಿನ್ನ ಕೂದ್ಲೂ ಕೆಂಚಗೈತಲ್ಲವ್ವ. ನಿಮ್ಮೂರಾಗೆ ಯಾರ್ಗೂ ಹೊಟ್ಟೆಗೆ ಸಾಲಾಕಿಲ್ವಾ?"

ಸುತ್ತಲಿದ್ದ ಹೆಂಗಸರು ನಕ್ಕರು. ಅಕ್ಕನೂ ನಕ್ಕಳು. ಅಜ್ಜಿ ಮಾತ್ರ ನಗಲಿಲ್ಲ, ಅವಳು ನಿಜವಾಗಿಯೇ ಕೇಳಿದ್ದಳು. ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ ಅಕ್ಕ, "ಇಲ್ಲಿಗೆ ಬಂದ ಮೇಲೆ ನನ್ನ ಊಟದ ಬಗ್ಗೆ ಯಾರೂ ಹೀಗೆ ವಿಚಾರಿಸಿರಲಿಲ್ಲ," ಎಂದಳು. ನಮ್ಮ ಮನೆಯ ಸಾರು ಅವಳಿಗೆ ಖಾರವಾಗುತ್ತದೆಂದು ನನಗೆ ಹೊಳೆದದ್ದೇ ಆಗ.

ಮಗುವನ್ನು ತುಮಕೂರಿನ ಆಸ್ಪತ್ರೆಗೆ ಕರೆದೊಯ್ಯೋಣವೆಂದರೆ ಅಜ್ಜಿ ಸುತರಾಂ ಒಪ್ಪಲಿಲ್ಲ. "ಇದು ಬಾಲಗ್ರಹ ಕಣವ್ವ, ತಾಯತ ಕಟ್ಸಿವ್ನಿ. ಅಷ್ಟು ದೂರ ಒಯ್ದು ಏನಾರ ಆದ್ರೆ ನಾನು ನನ್ನ ಮಗಳಿಗೆ ಏನಂತ ಮಕ ತೋರ್ಸ್ಲಿ?"

ಮಗುವಿಗೆ ಗಂಟೆಗೊಮ್ಮೆ ಚೂರುಚೂರೇ ಉಣಿಸಬೇಕಿತ್ತು. ಹಾಗಾಗಿ ಅಕ್ಕ ಅಜ್ಜಿಯ ಮನೆಯಲ್ಲೇ ಉಳಿಯಲು ನಿಶ್ಚಯಿಸಿದಳು. ಅವಳೊಬ್ಬಳನ್ನೇ ಬಿಡಬಾರದೆಂದು ಅಪ್ಪ ನನ್ನನ್ನೂ ಕಳಿಸಿದರು.

ಒಂದೇ ಅಂಕಣದ ಮನೆ. ಗೋಡೆಯಾಚೆ ಎಮ್ಮೆಯ ಉಸಿರು ಕೇಳುತ್ತಿತ್ತು. ಬೆಳಕು ಹರಿಯುವ ಮೊದಲೇ ಚೊಂಬು ಹಿಡಿದು ಬಯಲಿಗೆ ಹೋಗಬೇಕು. ಹೆಂಗಸರು ಅಕ್ಕನ ಸುತ್ತ ಗುಂಪಾಗಿ ಬೆನ್ನು ತಿರುಗಿಸಿ ನಿಂತು ಮರೆ ಮಾಡುತ್ತಿದ್ದರು. ಮುದ್ದೆಯನ್ನು ಅಗಿಯದೆ ನುಂಗುವುದು ಅವಳಿಗೆ ಕೊನೆಗೂ ಬರಲಿಲ್ಲ. ಮಗು ಚಮಚೆ ತುಟಿಗೆ ತಾಗಿದರೆ ಮುಖ ತಿರುಗಿಸುತ್ತಿತ್ತು, ಬಲವಂತ ಮಾಡಿದರೆ ಕಾರಿಕೊಳ್ಳುತ್ತಿತ್ತು. ಮಧ್ಯಾಹ್ನದ ಬಿಸಿಲು ಹೆಂಚಿನ ಸಂದಿನಿಂದ ನೆಲಕ್ಕೆ ಬಿದ್ದು ನಿಧಾನವಾಗಿ ಸರಿಯುತ್ತಿರುವಾಗ ಅಕ್ಕ ಅದನ್ನು ತೊಡೆಯ ಮೇಲೆ ಮಲಗಿಸಿಕೊಂಡು ತನ್ನ ಭಾಷೆಯಲ್ಲಿ ಏನೋ ಗುನುಗುತ್ತಿದ್ದಳು. ನನಗೆ ತೂಕಡಿಕೆ ಬರುತ್ತಿತ್ತು. ಎಚ್ಚರವಾದಾಗ ಬಿಸಿಲಷ್ಟೇ ಸರಿದಿರುತ್ತಿತ್ತು, ಮಗು ಹಾಗೇ ಇರುತ್ತಿತ್ತು.

ಆಮೇಲೆ ಅಕ್ಕನೇ ಮಲಗಿದಳು. ಭೇದಿ, ಜ್ವರ. ಸಕ್ಕರೆ ಉಪ್ಪಿನ ನೀರು ಮಾಡಿಕೊಟ್ಟೆ, ಬೇಡವೆಂದಳು. ಗೋಡೆಯ ಕಡೆ ತಿರುಗಿ ಮಲಗಿದವಳು ಯಾವ ಭಾಷೆಯಲ್ಲೂ ಮಾತಾಡಲಿಲ್ಲ. ಗುಬ್ಬಿಗೆ ಹೋಗಿ ಗಾಡಿ ತರಲೇ ಎಂದು ನಾನು ಚಡಪಡಿಸುತ್ತಿದ್ದೆ.

"ಸುಮ್ಕಿರವ್ವ," ಎಂದಳು ಅಜ್ಜಿ. ಗೋಡೆಗೊರಗಿ ಕೂತು ಅಕ್ಕನ ತಲೆಯನ್ನು ತನ್ನ ಮಡಿಲಿಗೆ ಎಳೆದುಕೊಂಡಳು. ನೆತ್ತಿಗೆ ಹರಳೆಣ್ಣೆ ತಟ್ಟಿದಳು. ನಾನು ಮಾಡಿದ ನೀರನ್ನು ಕುಡಿಸಿ, ಮಗುವಿಗೆಂದು ಮಾಡಿಟ್ಟಿದ್ದ ಗಂಜಿಯನ್ನೇ ತೆಗೆದುಕೊಂಡಳು. "ಉಣ್ಣು ನನ್ನವ್ವ. ಎಲ್ಲೋ ಹುಟ್ಟಿ ಇಲ್ಲಿಗೆ ಬಂದು ಬಿದ್ದಿದ್ದೀಯ. ಹಸ್ಕೊಂಡು ಮನಗ್ಬಾರ್ದು. ಆ... ಅನ್ನು."

ಅಕ್ಕ ಬಾಯಿ ತೆರೆದಳು. ಒಂದು ಚಮಚೆ. ಅಜ್ಜಿ ಮತ್ತೆ "ಆ..." ಎಂದಳು.

ಚಾಪೆಯ ಮೇಲೆ ಮಲಗಿದ್ದ ಮಗು ಈ ಕಡೆಯೇ ನೋಡುತ್ತಿತ್ತು. ಮೊದಲ ಸಲ ಅದರ ನೋಟ ಹತ್ತಿರದ ಒಂದು ವಸ್ತುವಿನ ಮೇಲೆ ನಿಂತದ್ದನ್ನು ಕಂಡೆ. ಅಜ್ಜಿ ಇನ್ನೊಂದು ಸಲ "ಆ..." ಎನ್ನುವಾಗ ಮಗುವೂ ಬಾಯಿ ತೆರೆಯಿತು. ತಾನಾಗಿ.

ಅಜ್ಜಿ ಕೈಯನ್ನು ಮೆಲ್ಲಗೆ ಅತ್ತ ಚಾಚಿ ಆ ಚಮಚೆಯನ್ನು ಮಗುವಿನ ಬಾಯಿಗಿಟ್ಟಳು. ಅದು ನುಂಗಿತು. ಆಮೇಲೆ ಇವಳಿಗೊಂದು, ಅದಕ್ಕೊಂದು.

ಅಕ್ಕ ಚೇತರಿಸಿಕೊಂಡ ಮೇಲೂ ಊಟ ಹಾಗೇ ನಡೆಯಿತು, ಇಬ್ಬರಿಗೂ ಜೊತೆಯಲ್ಲೇ. ಮಗುವಿನ ಪಾದದ ಊತ ಇಳಿಯಿತು. ಒಂದು ಬೆಳಗ್ಗೆ ಬಟ್ಟಲು ಖಾಲಿಯಾಯಿತೆಂದು ಅಕ್ಕ ತೆಗೆದುಕೊಂಡು ಹೊರಟರೆ, ಮಗು ಕೈಕಾಲು ಬಡಿದು ಊರಿಗೆಲ್ಲ ಕೇಳುವಂತೆ ಕಿರುಚಿ ಅತ್ತಿತು. ಅಕ್ಕಪಕ್ಕದ ಹೆಂಗಸರು ಓಡಿಬಂದರು. "ಅಳ್ತಾಳೆ ಕಣ್ರೇ! ಹಸಿವು ಅಂತ ಅಳ್ತಾಳೆ!" ಎಂದು ಅಜ್ಜಿ ಕೂಗುತ್ತಿದ್ದಳು. ಅಕ್ಕ ಬಟ್ಟಲು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಸಿದು ಕೂತು ಮಗುವಿಗಿಂತ ಜೋರಾಗಿ ಅತ್ತಳು.

ಅವರೆಕಾಯಿ ಕಾಲಕ್ಕೆ ಮಗು ಗೋಡೆ ಹಿಡಿದು ನಡೆಯಿತು. ಕೂದಲ ಬುಡದಲ್ಲಿ ಕಪ್ಪು ಮೂಡಿತು. ಆದರೆ ಎಲ್ಲ ಮಕ್ಕಳೂ ಉಳಿಯಲಿಲ್ಲ. ಅದೇ ಊರಿನಲ್ಲಿ ಇನ್ನೊಂದು ಕೂಸು, ನಾವು ನೋಡುವ ಹೊತ್ತಿಗೇ ತೀರಾ ತಡವಾಗಿತ್ತು. ಅವತ್ತು ಗುಬ್ಬಿ ಕೆರೆಯ ಏರಿಯ ಮೇಲೆ ಕತ್ತಲಾಗುವವರೆಗೂ ಇಬ್ಬರೂ ಕೂತಿದ್ದೆವು. ನೀರಿನ ಮೇಲೆ ಬೆಳ್ಳಕ್ಕಿಗಳು ಗೂಡಿಗೆ ಮರಳುತ್ತಿದ್ದವು. ಅಕ್ಕ, "ನಾಳೆ ಬೇಗ ಹೋಗಾಣ ಕಣೇ," ಎಂದಳಷ್ಟೆ. ಅವಳ ಕನ್ನಡ ಯಾವಾಗ ಹೀಗಾಯಿತೆಂದು ನನಗೆ ತಿಳಿಯಲೇ ಇಲ್ಲ.

ಎರಡು ವರ್ಷದ ನಂತರ ಅವಳು ಹೊರಟಳು. ಅಜ್ಜಿ ಮೊಮ್ಮಗಳ ಕೈಯಿಂದ ಅವಳ ಹಣೆಗೆ ಕುಂಕುಮ ಇಡಿಸಿದಳು, ಅರ್ಧ ಮೂಗಿಗೆ ಬಿತ್ತು. ನಾನು ರೈಲಿನಲ್ಲಿ ತುಮಕೂರಿನವರೆಗೆ ಜೊತೆಗೆ ಹೋದೆ. ದೇವರಾಯನದುರ್ಗದ ಬೆಟ್ಟ ದೂರದಲ್ಲಿ ಹೊಗೆಯಂತೆ ನೀಲಿಯಾಗಿತ್ತು. ಸ್ಟೇಷನ್ನಿನಲ್ಲಿ ಇಳಿಯುವಾಗ ಅಮ್ಮ ಕಟ್ಟಿಕೊಟ್ಟಿದ್ದ ಹುರಿಹಿಟ್ಟಿನ ಗಂಟನ್ನು ಅವಳ ಮಡಿಲಿಗಿಟ್ಟೆ. ರೈಲು ಬೆಂಗಳೂರಿನ ಕಡೆ ಹೋಯಿತು.

ನನಗೆ ಎಂಬತ್ತರ ದಶಕದಲ್ಲಿ ಕುಣಿಗಲ್ ಕಡೆಯ ಅಂಗನವಾಡಿಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಮದುವೆಯೂ ಅಲ್ಲೇ ಆಯಿತು. ಕುಣಿಗಲ್ ಕೆರೆ ದೊಡ್ಡದು, ಏರಿಯ ಮೇಲೆ ಬಸ್ಸು ಹೋಗುವಾಗ ಒಂದು ಕ್ಷಣ ನೀರಿನ ಮೇಲೇ ತೇಲುತ್ತಿದ್ದೇವೆ ಅನ್ನಿಸುತ್ತಿತ್ತು. ಆಚೆ ದಡದ ಊರುಗಳಲ್ಲಿ ಹೆಂಗಸರು ಮಕ್ಕಳನ್ನು ಎತ್ತಿಕೊಂಡು ನನಗಾಗಿ ಕಾದಿರುತ್ತಿದ್ದರು.