ಸೋತವರ ಮನೆಗೆ ಮೊದಲು ಹೋಗುವ ಅಕ್ಕೋರು

“ಅಲ್ರಿ ಅಕ್ಕೋರ, ಗೆದ್ದಾಗ ಚಪ್ಪಾಳಿ ತಟ್ಟತೇವಿ, ಖರೆ. ಸೋತಾಗೂ ತಟ್ಟಿದ್ರ ಆ ಹುಡುಗೂರಿಗೆ ನಾಚಿಕಿ ಹೆಂಗ ಬರಬೇಕ್ರಿ?”

ಹೀಗೆ ಕೇಳಿದವರು ನಾಗನೂರಿನ ಕಬ್ಬಿನ ಬೆಳೆಗಾರ ಪರಪ್ಪನವರು. ಕೇಳಿಸಿಕೊಂಡವರು ಗೋಕಾಕದ ಹೆಣ್ಣುಮಕ್ಕಳ ಪ್ರೌಢಶಾಲೆಯ ದೈಹಿಕ ಶಿಕ್ಷಣ ಶಿಕ್ಷಕಿ ಶ್ರೀಮತಿ ದಾಕ್ಷಾಯಿಣಿಯವರು.

“ನಾಚಿಕಿ ಬಂದ್ರ ಗೋಲ್ ಆಗತಾವೇನ್ರಿ ಕಾಕಾ? ನಿಮ್ಮ ಕಬ್ಬು ಬಾಡಿದಾಗ ಹೊಲದಾಗ ನಿಂತು ಬೈದ್ರೋ, ನೀರ ಹಾಯಿಸಿದ್ರೋ?”

“ಎರಡೂ ಮಾಡೇನ್ರಿ,” ಎಂದರು ಪರಪ್ಪನವರು.

ಗೋಕಾಕ, ಮೂಡಲಗಿ, ಹುಕ್ಕೇರಿ ಈ ಮೂರೂ ತಾಲೂಕುಗಳಲ್ಲಿ ಆಟಗಾರರನ್ನು ತಯಾರು ಮಾಡಿದ ಗುರುಗಳು ಹಲವರಿದ್ದಾರೆ, ಅವರೆಲ್ಲರೂ ವಂದನೀಯರೇ. ಆದರೆ ಮೈದಾನದ ಹೊರಗೆ ಕುಳಿತು ನೋಡುವ ಜನರನ್ನೂ ತಿದ್ದಬೇಕು, ತೀಡಬೇಕು, ಅವರಿಗೂ ಒಂದು ಶಿಸ್ತು ಬೇಕು ಎಂದು ಹಟ ಹಿಡಿದು ದುಡಿದವರು ದಾಕ್ಷಾಯಿಣಿ ಅಕ್ಕೋರು ಒಬ್ಬರೇ ಎಂದರೆ ಅದು ಹೊಗಳಿಕೆಗಾಗಿ ಹೇಳಿದ ಮಾತಲ್ಲ. ಈ ಮೇ ತಿಂಗಳಲ್ಲಿ ಅವರು ಸೇವೆಯಿಂದ ನಿವೃತ್ತರಾಗುತ್ತಿದ್ದಾರೆ. ಶಾಲೆ ಅವರನ್ನು ಬಿಡಬಹುದು. ಮೈದಾನ ಬಿಡುವ ಲಕ್ಷಣ ಕಾಣುವುದಿಲ್ಲ.

ಗೋಕಾಕದ ಪೇಟೆಯಲ್ಲಿ ಅರಿವೆ ಅಂಗಡಿ ಇಟ್ಟುಕೊಂಡಿದ್ದ, ಬಸವಣ್ಣನವರ ಹಾದಿಯಲ್ಲಿ ನಡೆದ ಮನೆತನ ಅವರದು. ಮೊದಲು ನೌಕರಿಗೆ ಸೇರಿದ್ದು ನಾಗನೂರಿನಲ್ಲಿ. ಆ ಊರಿನ ಹುಡುಗಿಯರ ಖೋ ಖೋ ತಂಡ ತಾಲೂಕು ಪಂದ್ಯದಲ್ಲಿ ಸೋತಾಗ, ಕೊನೆಯಲ್ಲಿ ಎಡವಿ ಬಿದ್ದ ಸಪ್ನಾ ಎಂಬ ಹುಡುಗಿ ಶಾಲೆಗೇ ಬರುವುದನ್ನು ಬಿಟ್ಟಳು. ಅಕ್ಕೋರು ಬುದ್ಧಿವಾದ ಹೇಳಿ ಕಳುಹಿಸಲಿಲ್ಲ. ತಾವೇ ಅವಳ ಮನೆಗೆ ಹೋಗಿ, ಅಡುಗೆಮನೆಯ ಹೊಸ್ತಿಲಲ್ಲಿ ಕುಳಿತು, ಬಿಸಿ ರೊಟ್ಟಿ ಪುಂಡಿಪಲ್ಯ ಉಂಡು, ಬಿದ್ದ ಮಾತನ್ನೇ ಎತ್ತದೆ ಎದ್ದು ಬಂದರು. ಮರುದಿನ ಸಪ್ನಾ ಶಾಲೆಯಲ್ಲಿದ್ದಳು. ಅಂದಿನಿಂದ ಇಂದಿನವರೆಗೆ ಅದು ಅವರ ರೂಢಿ. “ಗೆದ್ದವರ ಮನ್ಯಾಗ ಕುಂದ್ರಾಕ ಜಾಗಾ ಇರೂದಿಲ್ಲ, ಸೋತವರ ಮನ್ಯಾಗ ಚಾಪಿ ಹಾಸೇ ಇರತೈತಿ,” ಎನ್ನುತ್ತಾರೆ.

ಮುಂದೆ ಮೂಡಲಗಿ, ಆಮೇಲೆ ಗೋಕಾಕ. ಇಲ್ಲಿಯ ತರುಣರು ಘಟಪ್ರಭಾ ಗೆಳೆಯರ ಸಂಘ ಎಂಬ ಫುಟ್‌ಬಾಲ್ ತಂಡ ಕಟ್ಟಿದಾಗ ಆಡುವವರಿಗಿಂತ ಬೈಯುವವರೇ ಹೆಚ್ಚಾಗಿದ್ದರು. ಅಕ್ಕೋರು ಆ ಬೈಯುವವರನ್ನೇ, ನಾಗನೂರಿನ ಪರಪ್ಪನವರನ್ನೂ ಸೇರಿಸಿ, ಒಟ್ಟುಗೂಡಿಸಿ ಅಭಿಮಾನಿ ಬಳಗ ಮಾಡಿದರು. ಮನೆಯ ಹೆಣ್ಣುಮಕ್ಕಳನ್ನೂ ಕರೆತಂದು ಮುಂದಿನ ಸಾಲಿನಲ್ಲಿ ಕೂರಿಸಿದರು. ನಮ್ಮವರ ಮೇಲೆ ನಮ್ಮ ಬಾಯಿಂದ ಒಂದು ಕೆಟ್ಟ ಮಾತು ಬರಕೂಡದು ಎಂದು ಕಟ್ಟಪ್ಪಣೆ ಮಾಡಿದರು. ಲಕ್ಷ್ಮಣನೆಂಬ ತರುಣ ಚರ್ಮದ ಹಲಗೆ ಬಾರಿಸತೊಡಗಿದರೆ ಎದುರು ತಂಡದವರ ಕಾಲೂ ಕುಣಿಯುತ್ತಿದ್ದವು. ಬಳಗದ ಶಿಸ್ತು ಇನ್ನು ಗಟ್ಟಿಯಾಯಿತೆಂದು ಅವರು ನಂಬಿದ್ದರು. ಆ ನಂಬಿಕೆಗೆ ಸಿಡಿಲು ಬಡಿದದ್ದು ಹೋದ ದೀಪಾವಳಿಯ ನಂತರ, ಹುಕ್ಕೇರಿಯ ಮೈದಾನದಲ್ಲಿ.

ಆ ವರ್ಷ ತಂಡ ಸೋಲುತ್ತಲೇ ಬಂದಿತ್ತು. ಗೋಲು ಕಾಯುತ್ತಿದ್ದವನು ಮೂಡಲಗಿಯ ಗಜಾನನ. ಅವನ ಆಟವನ್ನು ಒಮ್ಮೆಯೂ ನೋಡದ ತಾಯಿ ತಾಯವ್ವನನ್ನು ಅಕ್ಕೋರೇ ಒತ್ತಾಯಿಸಿ ಕರೆತಂದು ಬಾಜೂ ಕೂರಿಸಿಕೊಂಡಿದ್ದರು. “ಎಷ್ಟ ದೊಡ್ಡ ಬಾಗಿಲಾ ಕಾಯಾಕ ಒಬ್ಬಾವನ್ನ ನಿಲ್ಲಿಸೀರಲ್ರಿ!” ಎಂದು ಆ ತಾಯಿ ಬೆರಗಾಗುತ್ತಿರುವಾಗಲೇ, ಉರುಳಿಕೊಂಡು ಬಂದ ಒಂದು ಸಾದಾ ಚೆಂಡು ಗಜಾನನನ ಕಾಲ ಸಂದಿಯಲ್ಲಿ ನುಸುಳಿ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಇನ್ನೊಂದು.

“ಲೇ, ಗೋಲಿನ್ಯಾಗ ಹೆಣಾ ನಿಲ್ಲಿಸ್ಯಾರಲೇ!” ಎಂದು ಹಿಂದಿನಿಂದ ಯಾರೋ ಕೂಗಿದರು. ನಗೆ ಎದ್ದಿತು. ಆ ನಗೆಯ ಹುರುಪಿನಲ್ಲಿ ಲಕ್ಷ್ಮಣ ಹಲಗೆಯ ಬಡಿತ ಬದಲಿಸಿದ.

ಈ ಸೀಮೆಯಲ್ಲಿ ಹುಟ್ಟಿದ ಯಾರಿಗೂ ಆ ಬಡಿತವನ್ನು ಬಿಡಿಸಿ ಹೇಳಬೇಕಾಗಿಲ್ಲ. ಓಣಿಯ ತುದಿಯಲ್ಲಿ ಅದು ಕೇಳಿದರೆ ಅಂಗಡಿಯವರು ಅರ್ಧ ಬಾಗಿಲು ಎಳೆಯುತ್ತಾರೆ, ಉಣ್ಣುವವರು ಕೈ ತಡೆಯುತ್ತಾರೆ. ಅದು ಹೆಣದ ಮುಂದಿನ ಹಲಗೆ. ಹೋಳಿ ಹುಣ್ಣಿಮೆಯಲ್ಲಿ ಕಾಮಣ್ಣ ಸತ್ತನೆಂದು ಹುಡುಗರು ಅದನ್ನು ಚೇಷ್ಟೆಗೆ ಬಾರಿಸುವುದುಂಟು. ಆ ಸಲಿಗೆಯೇ ಲಕ್ಷ್ಮಣನಿಗೆ ಮೋಸ ಮಾಡಿತು. ಇದು ಹೋಳಿಯಲ್ಲ, ಗೋಲಿನಲ್ಲಿ ನಿಂತವನು ಕಾಮಣ್ಣನಲ್ಲ ಎಂಬುದು ಅವನಿಗೆ ಹೊಳೆಯಲಿಲ್ಲ.

ತಾಯವ್ವ ದಡಕ್ಕನೆ ಎದ್ದಳು. ಸೆರಗು ಬಾಯಿಗೆ ಹೋಯಿತು.

“ಯಾರ ಹೋದ್ರವ್ವಾ? ಯಾರ ಹೋದ್ರು?”

ನಗುತ್ತಿದ್ದವರ ಬಾಯಿ ತೆರೆದದ್ದು ತೆರೆದಂತೆಯೇ ಉಳಿಯಿತು. ಜೀವನವಿಡೀ ಸೀಟಿ ಊದಿ, ಸಾವಿರ ಮಕ್ಕಳನ್ನು ಒಂದೇ ಕೂಗಿಗೆ ಸಾಲಾಗಿ ನಿಲ್ಲಿಸಿದ ಅಕ್ಕೋರಿಗೆ ಆ ಹೊತ್ತು ದನಿಯೇ ಹೊರಡಲಿಲ್ಲ. ಇವರು ಬೇರೆ ಊರಿನವರಲ್ಲ, ಎದುರು ತಂಡದವರೂ ಅಲ್ಲ. ತಾವೇ ಮನೆಮನೆಗೆ ತಿರುಗಿ ಕೂಡಿಸಿದ ಜನ. ಅವರೇ ತಮ್ಮ ಹುಡುಗನ ತಾಯಿಯ ಎದುರಿಗೆ ಅವನ ಹೆಣದ ಹಲಗೆ ಬಾರಿಸುತ್ತಿದ್ದಾರೆ!

ಗಜಾನನ ಕೈಗವಸುಗಳನ್ನು ಬಿಚ್ಚಿದ, ಗೋಲಿನ ಗೆರೆಯ ಮೇಲೆ ಇಟ್ಟ, ಮೈದಾನದಿಂದ ಹೊರಗೆ ನಡೆದ. ಹಲಗೆ ಆಗ ನಿಂತಿತು. ನಿಂತು ಏನು ಪ್ರಯೋಜನ? ಗೋಲು ಕಾಯಲು ಬದಲಿ ಆಟಗಾರ ಇರಲಿಲ್ಲ. ಮುಂಚೂಣಿಯಲ್ಲಿ ಆಡುವ ಅಭಿಷೇಕ ಆ ಕೈಗವಸು ತೊಟ್ಟು ನಿಂತ, ತಂಡ ಹೀನಾಯವಾಗಿ ಸೋತಿತು.

“ಅಕ್ಕೋರ, ಇನ್ನ ನಾ ಬರೂದಿಲ್ರಿ. ಹುಕ್ಕೇರಿ ಹುಡುಗೂರು ಕರಿಯಾಕತ್ತಾರ, ಅವರ ಕಡೆ ಆಡತೇನಿ,” ಎಂದ ಗಜಾನನ, ಮೋಟರ್‌ಸೈಕಲ್ ಹತ್ತಿ.

ಅವನನ್ನು ಕಳೆದುಕೊಂಡರೆ ತಂಡ ಉಳಿಯದೆಂದು ಅಕ್ಕೋರಿಗೆ ಗೊತ್ತಿತ್ತು. ಆದರೂ ಕೈ ಮುಗಿದು ನಿಲ್ಲಿಸಿಕೊಳ್ಳುವ ಮುಖ ಅವರಿಗಿರಲಿಲ್ಲ. “ಎಲ್ಲೆರ ಆಡು ತಮ್ಮಾ, ಆಡೂದ ಮಾತ್ರ ಬಿಡಬ್ಯಾಡ. ನಿಮ್ಮವ್ವ ನಮ್ಮ ಗಾಡ್ಯಾಗ ಬರತಾಳ. ಧುಪದಾಳಕ್ಕ ಬಂದು ಕರಕೊಂಡ ಹೋಗು,” ಎಂದರು ಅಷ್ಟೆ.

ಬಳಗ ಎರಡು ಕ್ರೂಸರ್ ಗಾಡಿಗಳಲ್ಲಿ ಗೋಕಾಕದ ಹಾದಿ ಹಿಡಿಯಿತು. ಧುಪದಾಳದ ಒಡ್ಡಿನ ಹತ್ತಿರ ಹೊಳೆ ಕಂಡದ್ದೇ ಅಕ್ಕೋರು ಗಾಡಿ ನಿಲ್ಲಿಸಿದರು.

“ಇಳೀರಿ ಎಲ್ಲಾರೂ. ಹೆಣದ ಮುಂದ ಹಲಗಿ ಬಡದವರು ಜಳಕಾ ಮಾಡದ ಮನಿ ಹೊಕ್ಕತಾರೇನ?”

ಜನ ಮತ್ತೆ ಬೆಚ್ಚಿದರು. ಪರಪ್ಪನವರು ಮೆಲ್ಲಗೆ, “ಅಲ್ರಿ ಅಕ್ಕೋರ, ನಿಮ್ಮದು ಶರಣರ ಮನಿ. ನೀವು ಮೈಲಿಗಿ ನಂಬಂಗಿಲ್ಲಲ್ರಿ?” ಎಂದರು.

“ಸತ್ತವರ ಮೈಲಿಗಿ ನಾ ನಂಬಂಗಿಲ್ಲ ಕಾಕಾ. ಇದು ಬದುಕಿದ್ದಾಂವನ್ನ ಸತ್ತಾನಂತ ಬಡದದ್ದು. ಇದಕ್ಕ ಜಳಕಾ ಬೇಕು. ಬಡದಾಂವಗ ಅಷ್ಟ ಅಲ್ಲ, ನಕ್ಕವರಿಗೂ ಬೇಕು. ನಿಮ್ಮನ್ನೆಲ್ಲಾ ಕೂಡಿಸಿದಾಕಿ ನಾ, ನನಗೂ ಬೇಕು.”

ಹೀಗೆಂದವರೇ ಹೆಂಗಸರ ಮೆಟ್ಟಿಲ ಕಡೆ ಹೋಗಿ, ಉಟ್ಟ ಸೀರೆಯಲ್ಲೇ ಮುಳುಗು ಹಾಕಿ ಎದ್ದರು. ಆಮೇಲೆ ಯಾರಿಗೆ ತಪ್ಪಿಸಿಕೊಳ್ಳುವ ಧೈರ್ಯ? ಗಂಡಸರು ಒಬ್ಬೊಬ್ಬರಾಗಿ ಅಂಗಿ ಕಳಚಿ ನೀರಿಗಿಳಿದರು. ತಾಯವ್ವ ಮಾತ್ರ ದಂಡೆಯ ಮೇಲೆ ಕುಳಿತು, ಅಕ್ಕೋರ ಒದ್ದೆ ತಲೆಗೆ ತನ್ನ ಸೆರಗು ಹಿಡಿದು, “ಥಂಡಿ ಆದೀತ್ರೀ ಯವ್ವಾ,” ಎಂದು ಒರೆಸುತ್ತಿದ್ದಳು.

ಇಂಥ ದಾಕ್ಷಾಯಿಣಿ ಅಕ್ಕೋರಿಗೆ ಆಯುಷ್ಯ, ಆರೋಗ್ಯ ತುಂಬಿ ಬರಲಿ; ಪಗಾರಿಲ್ಲದ ಈ ಎರಡನೆಯ ನೌಕರಿಯಿಂದ ಅವರಿಗೆ ಎಂದೂ ನಿವೃತ್ತಿ ಸಿಗದಿರಲಿ; ಅವರು ಗದರಿದಾಗ ತಲೆ ತಗ್ಗಿಸುವ ಬುದ್ಧಿ ನಮಗೂ ಉಳಿಯಲಿ ಎಂದು ಮೂರೂ ತಾಲೂಕಿನ ಪರವಾಗಿ ಹಾರೈಸೋಣ. ಹಾರೈಸಿದ ಮೇಲೂ ಆ ಸಂಜೆಯ ಒಂದಿಷ್ಟು ಉಳಿದೇ ಇದೆ, ಅದನ್ನೂ ಹೇಳಿಬಿಡಬೇಕು.

ಗಜಾನನ ತಾಯಿಯನ್ನು ಕರೆದೊಯ್ಯಲು ಬಂದಾಗ ಇಡೀ ಬಳಗ ನಡುಮಟ್ಟದ ನೀರಿನಲ್ಲಿ ನಡುಗುತ್ತ ನಿಂತಿತ್ತು. ಅವನು ಮೆಟ್ಟಿಲ ಮೇಲೇ ದಂಗಾಗಿ ನಿಂತ.

“ಯಾರ ಸತ್ತಾರಂತ ಜಳಕಾ ಮಾಡಾಕತ್ತೀರಿ?”

ಉಳಿದವರು ಮುಖ ತಿರುಗಿಸಿದರು. ಉತ್ತರ ಕೊಡುವುದು ಪರಪ್ಪನವರ ಪಾಲಿಗೆ ಬಂತು.

“ನೀನ ಸತ್ತೀದಿ ಅಂತ ಬಡದಿದ್ವಿ ಮಾರಾಯಾ. ತಪ್ಪಾತು. ಅದನ್ನ ತೊಳಕೊಳ್ಳಾಕತ್ತೇವಿ.”

“ಹಲಗಿ ಬಡದಾಂವ ಎಲ್ಲದಾನ?”

“ಇಲ್ಲೇ ಅದೇನಿ,” ಎಂದ ಲಕ್ಷ್ಮಣ. ತಲೆ ಎತ್ತಲಿಲ್ಲ. “ಹೊಡಿಯೂದಿದ್ರ ಹೊಡಿ.”

ಅಕ್ಕೋರು ಆಚೆಯ ಮೆಟ್ಟಿಲಿಂದ ನೋಡುತ್ತಿದ್ದರು. ಗಜಾನನ ಬೂಟು ಕಳಚಿ, ಪ್ಯಾಂಟು ಮಡಚದೆ ಹಾಗೆಯೇ ನೀರಿಗಿಳಿದು, ತಳದಿಂದ ಒಂದು ಕಲ್ಲು ಎತ್ತಿಕೊಂಡು ಲಕ್ಷ್ಮಣನ ಹಿಂದೆ ಹೋಗಿ ನಿಂತ. ಒಂದು ಕೈಯಿಂದ ಅವನ ಭುಜ ಹಿಡಿದು, ಇನ್ನೊಂದು ಕೈಯಿಂದ ಅವನ ಬೆನ್ನು ಕೆಂಪಾಗುವ ಹಾಗೆ ಗಸಗಸ ತಿಕ್ಕತೊಡಗಿದ.