ನಾವು ಗುಡಾಣವೆಂದು ಕರೆದವಳು

ಪುಣೆಗೆ ಬಂದ ಎರಡನೇ ವರ್ಷ ನನಗೂ ನನ್ನ ರೂಮ್‌ಮೇಟ್‌ಗೂ ಒಟ್ಟಿಗೇ ಢೋಲಿನ ಹುಚ್ಚು ಹಿಡಿಯಿತು. ನಾನು ಮೈಸೂರಿನವಳು, ಅವಳು ತುಮಕೂರಿನವಳು, ಇಬ್ಬರಿಗೂ ಒಂದೇ ಕಂಪನಿಯಲ್ಲಿ ಕೆಲಸ. ಹಿಂದಿನ ವರ್ಷದ ಗಣಪತಿ ಮೆರವಣಿಗೆಯಲ್ಲಿ ನಮ್ಮ ವಯಸ್ಸಿನ ಹುಡುಗಿಯರು ಸೊಂಟಕ್ಕೆ ಪೀಪಾಯಿಯಂಥ ಢೋಲು ಕಟ್ಟಿಕೊಂಡು ಬಾರಿಸಿದ್ದು ನೋಡಿದ್ದೆವು. ಆ ಸದ್ದು ನನ್ನ ಪಕ್ಕೆಲುಬಿನೊಳಗೇ ಹೊಕ್ಕು ಕೂತಿತ್ತು. ಮಳೆಗಾಲ ಶುರುವಾಗುತ್ತಿದ್ದಂತೆ, ನದಿ ದಂಡೆಯ ಮೈದಾನದಲ್ಲಿ ಶನಿವಾರ ಭಾನುವಾರ ತಾಲೀಮು ನಡೆಸುವ ಒಂದು ತಂಡಕ್ಕೆ ಸೇರಿಬಿಟ್ಟೆವು.

ಮೊದಲ ದಿನವೇ ನಾಮಕರಣವಾಯಿತು. ಕಲಿಸುವ ಮಾಸ್ತರರು ಸೀಟಿ ಕಚ್ಚಿಕೊಂಡೇ ಯಾವೂರು ಎಂದು ಕೇಳಿದರು. ಕರ್ನಾಟಕ ಅಂದೆ. "ಬರಂ. ತೂ ಇಡ್ಲಿ, ಹೀ ಸಾಂಬಾರ್," ಎಂದು ನಮ್ಮಿಬ್ಬರ ಕಡೆ ಬೆರಳು ಮಾಡಿ ಮುಂದಕ್ಕೆ ಹೋದರು. ಅಷ್ಟು ಢೋಲುಗಳ ನಡುವೆ ನಿಜವಾದ ಹೆಸರು ಕೂಗಿದರೆ ಯಾರಿಗೂ ಕೇಳಿಸದು ಅನ್ನುವುದು ಅವರ ವಾದ. ಎತ್ತರದವನು ಬಾಂಬೂ, ಕನ್ನಡಕದವಳು ಚಷ್ಮಾ, ದೇಹೂ ರೋಡ್ ಸ್ಟೇಷನ್ನಿನಿಂದ ಲೋಕಲ್ ಟ್ರೇನಿನಲ್ಲಿ ಬರುವವಳು ದೇಹೂ ರೋಡ್.

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಆಫೀಸಿನಲ್ಲಿ ನಾನು ಪರದೆಯ ಮೇಲಿನ ಒಂದು ಚೌಕವಷ್ಟೇ. ಇಲ್ಲಿ ಒಬ್ಬರು "ಇಡ್ಲಿ, ಮಾಗೇ!" ಎಂದು ಅರಚುತ್ತಿದ್ದರು, ನಾನು ನಗುತ್ತಾ ಹಿಂದಕ್ಕೆ ಸರಿಯುತ್ತಿದ್ದೆ. ಊರಿಗೆ ಫೋನು ಮಾಡಿ ಹೆಮ್ಮೆಯಿಂದ ಹೇಳಿಕೊಂಡೆ ಕೂಡ.

ನಾವಿಬ್ಬರೂ ಸುಮ್ಮನಿರಲಿಲ್ಲ. ನಮ್ಮ ಹತ್ತಿರ ಅಲ್ಲಿ ಯಾರಿಗೂ ಬಾರದ ಭಾಷೆಯಿತ್ತಲ್ಲ! ಎಲ್ಲರಿಗೂ ಕನ್ನಡದಲ್ಲಿ ಹೆಸರಿಟ್ಟೆವು, ಅವರ ಎದುರಿಗೇ, ದೊಡ್ಡ ಗಂಟಲಿನಲ್ಲಿ. ಸೀಟಿ ಊದುವ ಮಾಸ್ತರರು ಕುಕ್ಕರ್. ಕೂದಲು ನಿಮಿರಿಸಿಕೊಂಡು ಬರುವ, ತಾಶಾ ಎಂಬ ಸಣ್ಣ ವಾದ್ಯ ಬಾರಿಸುವ ಹುಡುಗ ಕೋಳಿಜುಟ್ಟು. ನಮ್ಮ ಮುಂದಿನ ಸಾಲಿನಲ್ಲಿ ನಿಲ್ಲುತ್ತಿದ್ದ ದೇಹೂ ರೋಡ್ ಹುಡುಗಿ ತುಂಬಾ ದಪ್ಪಗಿದ್ದಳು. ಮೂಗಿನಲ್ಲಿ ಮುತ್ತಿನ ನತ್ತು, ಹಣೆಯಲ್ಲಿ ಚಂದ್ರನಾಕಾರದ ಕುಂಕುಮ, ಬಾಯಿ ತೆರೆದರೆ ಅಚ್ಚ ಮರಾಠಿ. ಅವಳಿಗೆ ಗುಡಾಣ ಎಂದು ಹೆಸರಿಟ್ಟವಳು ನಾನು.

"ಗುಡಾಣ ಪಕ್ಕಕ್ಕೆ ಸರಿದ್ರೆ ಸ್ವಲ್ಪ ಗಾಳಿ ಬರುತ್ತೆ ಕಣೇ," ಅನ್ನುತ್ತಿದ್ದೆ. ರೂಮ್‌ಮೇಟ್ ನಕ್ಕು ನಕ್ಕು ತಾಳ ತಪ್ಪುತ್ತಿದ್ದಳು. ಮಾಸ್ತರರಿಂದ ಬೈಸಿಕೊಂಡರೆ ಇನ್ನೂ ನಗು. ಆ ಒಂದು ತಿಂಗಳು ನಾವು ನಕ್ಕಷ್ಟು ಕಾಲೇಜಿನಲ್ಲೂ ನಕ್ಕಿರಲಿಲ್ಲ.

ಒಂದು ಭಾನುವಾರ ಬಾರಿಸುವ ಭರದಲ್ಲಿ ನನ್ನ ಸೊಂಟದ ಕಟ್ಟು ಸಡಿಲವಾಗಿ ಢೋಲು ಮೊಣಕಾಲಿಗೆ ಜಾರುತ್ತಿತ್ತು. ನನಗೆ ಗೊತ್ತಾಗಿರಲಿಲ್ಲ. ಮುಂದಿನ ಸಾಲಿನ ದೇಹೂ ರೋಡ್ ಹುಡುಗಿ ತಿರುಗಿ ನೋಡಿದಳು.

"ಹಗ್ಗಾ ಬಿಚ್ಚೇದ ನೋಡ್ರಿ ಅಕ್ಕಾ. ಎಡವಿ ಬೀಳ್ತೀರಿ."

ನಾನೂ ರೂಮ್‌ಮೇಟೂ ಕೋಲು ಎತ್ತಿದ ಕೈ ಎತ್ತಿದ ಹಾಗೇ ನಿಂತೆವು. ಅವಳೇ ಬಗ್ಗಿ ನನ್ನ ಕಟ್ಟನ್ನು ಬಿಗಿಯಾಗಿ ಕಟ್ಟಿದಳು. ಎದ್ದು ನಿಂತು ಮೆಲ್ಲಗೆ ಹೇಳಿದಳು: "ನಮ್ಮ ಅಜ್ಜಿ ಮನ್ಯಾಗೂ ಗುಡಾಣ ಅದರಿ. ಜ್ವಾಳಾ ತುಂಬಿ ಇಡ್ತಾರ."

ಆಮೇಲೆ ತನ್ನ ಸಾಲಿಗೆ ಹೋಗಿ, ಒಂದು ಪೆಟ್ಟೂ ತಪ್ಪದ ಹಾಗೆ ಬಾರಿಸತೊಡಗಿದಳು. ನನಗೆ ಕಿವಿಯೆಲ್ಲ ಬಿಸಿ. ಆ ದಿನ ಇನ್ನೇನು ಬಾರಿಸಿದೆನೋ ನೆನಪಿಲ್ಲ.

ಮುಂದಿನ ಶನಿವಾರ ಹೊಟ್ಟೆನೋವಿನ ನೆಪ ಹೇಳಿ ಇಬ್ಬರೂ ತಪ್ಪಿಸಿಕೊಂಡೆವು. ಭಾನುವಾರ ತಡೆಯಲಾಗಲಿಲ್ಲ. ತಾಲೀಮಿಗೆ ಮುಂಚೆ ಮೈದಾನದ ಮೂಲೆಯ ಚಹಾ ಅಂಗಡಿಯಲ್ಲಿ ಅವಳನ್ನು ಹಿಡಿದೆವು. ನಾನು ರಾತ್ರಿಯೆಲ್ಲ ಜೋಡಿಸಿಟ್ಟುಕೊಂಡಿದ್ದ ಮಾತುಗಳಲ್ಲಿ ಬಾಯಿಗೆ ಬಂದದ್ದು ಒಂದೇ: "ಸಾರಿ. ತುಂಬಾ ಕೆಟ್ಟದಾಗಿ ನಡ್ಕೊಂಡ್ವಿ."

ಅವಳು ಚಹಾ ಊದುತ್ತಾ ಕೂತಿದ್ದಳು. ಅವಳಮ್ಮನ ತವರು ವಿಜಯಪುರವಂತೆ. ಅಪ್ಪನಿಗೆ ದೇಹೂ ರೋಡಿನ ಮಿಲಿಟರಿ ಡಿಪೋದಲ್ಲಿ ಕೆಲಸ.

"ಮೊದಲೇ ಕನ್ನಡ ಬರುತ್ತೆ ಅಂತ ಹೇಳ್ಬಾರ್ದಿತ್ತಾ?" ರೂಮ್‌ಮೇಟ್ ಕೇಳಿದಳು.

"ಹೇಳ್ಬೇಕಂತಿದ್ದೆನ್ರಿ. ಮನಿ ಬಿಟ್ರ ನನಗ ಕನ್ನಡ ಕೇಳೂದ ಅಪರೂಪ. ನಿಮ್ಮಿಬ್ಬರ ಮಾತ ಕೇಳಿ ಭಾಳ ಖುಷಿ ಆತು. ಓಡಿ ಬಂದು ಮಾತಾಡಸ್ಬೇಕು ಅನ್ನೂದ್ರಾಗ ಆ ಹೆಸರ ಕಿವಿಗೆ ಬಿತ್ತು."

ನನಗೆ ಅಳು ಬಂದ ಹಾಗಾಯಿತು. ರೂಮ್‌ಮೇಟ್ ಸಮಾಧಾನಕ್ಕೆಂದು, "ಇಲ್ಲಿ ಎಲ್ರಿಗೂ ಒಂದೊಂದು ಹೆಸರಿದೆ ಬಿಡಿ, ನಮ್ಮನ್ನೂ ಇಡ್ಲಿ ಸಾಂಬಾರ್ ಅಂತಾರಲ್ವಾ," ಅಂದಳು.

"ಅದು ಮೈದಾನದಾಗಷ್ಟ ರೀ. ನೀವು ಮನಿಗೆ ಹೋದ್ರ ಮುಗೀತು. ನಾ ಬಟ್ಟಿ ಅಂಗಡಿಗೆ ಹೋದ್ರೂ ಅದ ಮಾತ, ಟ್ರೇನಿನ್ಯಾಗ ಸೀಟ್ ಕೇಳಿದ್ರೂ ಅದ. ಢೋಲ ಕಟ್ಟಿದಾಗ ಯಾರೂ ಮೈ ನೋಡಂಗಿಲ್ಲ, ಪೆಟ್ಟ ಕೇಳ್ತಾರ ಅಂತ ಇಲ್ಲಿ ಬಂದೀನಿ."

ಅವಳು ಒಂದು ಗುಟುಕು ಹೀರಿ ಮಾತು ಮುಂದುವರಿಸಿದಳು. "ಆದ್ರ ಮಾಸ್ತರಗ ಕುಕ್ಕರ್ ಅಂದ್ರಲ್ಲಾ, ಅವತ್ತ ನಗು ತಡೀಲಾರದ ಕೆಮ್ಮಿದಂಗ ಮಾಡಿದ್ನಿ. ಆ ತಾಶಾದವಗ ಏನಂತೀರಿ?"

"ಕೋಳಿಜುಟ್ಟು," ಅಂದೆ ಅಳುಕುತ್ತಾ.

ಅವಳ ಬಾಯಲ್ಲಿದ್ದ ಚಹಾ ಮೂಗಿನಿಂದ ಬಂತು. ಬೆನ್ನು ತಟ್ಟುತ್ತಾ ನಾವೂ ನಕ್ಕೆವು. ಆ ಹುಡುಗ ಹತ್ತು ಹೆಜ್ಜೆ ದೂರದಲ್ಲಿ ಕೂದಲು ಸರಿಮಾಡಿಕೊಳ್ಳುತ್ತಿದ್ದ. ಅವನ ಕಿವಿಗೆ ಇದು ಬಿದ್ದರೆ ಹೇಗೆ ಅನ್ನಿಸಿ ನನ್ನ ನಗು ನಡುವೆಯೇ ನಿಂತಿತು. ಮತ್ತೆ ಅವಳು ಕೆಮ್ಮಿದ್ದು ನೋಡಿ ಪುನಃ ಶುರುವಾಯಿತು. ಹೆಸರಿಡುವ ಚಟ ಅಂದೇ ಬಿಟ್ಟೆ ಅಂತ ಹೇಳಿದರೆ ಸುಳ್ಳಾಗುತ್ತದೆ. ಗುಡಾಣ ಅನ್ನುವುದು ಮಾತ್ರ ನನ್ನ ಬಾಯಿಗೆ ಮತ್ತೆ ಬರಲಿಲ್ಲ.

ಗಣಪತಿ ಕೂರಿಸುವ ದಿನ ಬೆಳಿಗ್ಗೆಯೇ ಮೆರವಣಿಗೆ ಹೊರಟಿತು. ಬಿಳಿ ಕುರ್ತಾ, ತಲೆಗೆ ಕೇಸರಿ ಪೇಟ. ಮಾಸ್ತರರು ಅವಳನ್ನು ನಮ್ಮ ಸಾಲಿನ ನಡುವೆ ನಿಲ್ಲಿಸಿದ್ದರು. ತಂಡದಲ್ಲಿ ಅಷ್ಟು ನಿಖರವಾದ ಪೆಟ್ಟು ಬೇರೆ ಯಾರಿಗೂ ಇರಲಿಲ್ಲ. ನಾನು ಅವಳ ಎಡಕ್ಕೆ, ರೂಮ್‌ಮೇಟ್ ಬಲಕ್ಕೆ. ಮೊದಲ ಸೀಟಿಗೇ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಹಡಿಗಳಿಂದ ಹೂವು ಬೀಳುತ್ತಿತ್ತು, ಕಿಟಕಿ ಗಾಜುಗಳು ಅದುರುತ್ತಿದ್ದವು, ಯಾರೋ ಅಜ್ಜಿ ಫುಟ್‌ಪಾತಿನಲ್ಲಿ ಸೆರಗು ಸಿಕ್ಕಿಸಿಕೊಂಡು ಕುಣಿಯುತ್ತಿದ್ದರು.

ಒಂದು ತಿರುವಿನಲ್ಲಿ ಮೊಬೈಲ್ ಹಿಡಿದು ನಿಂತಿದ್ದ ಯುವಕನೊಬ್ಬ ನಡುವೆ ಇದ್ದವಳನ್ನು ನೋಡಿ, ಕೆನ್ನೆ ಉಬ್ಬಿಸಿ, ತನ್ನ ಹೊಟ್ಟೆಯ ಮೇಲೆ ಢೋಲು ಬಾರಿಸುವ ಹಾಗೆ ಅಣಕಿಸಿದ. ಅವನ ಗೆಳೆಯರು ಕೇಕೆ ಹಾಕಿದರು. ನನ್ನ ಕೋಲು ತಪ್ಪಿತು. ಒಂದು ತಿಂಗಳು ನಾನು ಅವನೇ ಆಗಿದ್ದೆ ಅನ್ನುವುದು ಹೊಳೆದು ಸಿಟ್ಟು ಯಾರ ಮೇಲೆ ಅಂತ ಗೊತ್ತಾಗಲಿಲ್ಲ. ಅವನ ಕಡೆ ಒಂದು ಹೆಜ್ಜೆ ಇಟ್ಟೇಬಿಟ್ಟಿದ್ದೆ.

"ಅಕ್ಕಾ!" ಅವಳು ಕಿವಿಯ ಹತ್ತಿರ ಕೂಗಿದಳು. "ತಾಳ ಬಿಡಬ್ಯಾಡ್ರಿ! ಅಂವ ಹೋಗ್ತಾನ, ನಾವಿನ್ನಾ ಭಾಳ ಬಾರಸೂದ ಅದ!"

ಅಷ್ಟರಲ್ಲಿ ತಾಶಾದವರು ವೇಗ ಏರಿಸಿದರು. ಅವಳು ಢೋಲನ್ನು ಎದೆಯೆತ್ತರಕ್ಕೆ ಎತ್ತಿ ಹಾರಿದಳು, ಬೆವರು ನನ್ನ ಮುಖಕ್ಕೆ ಸಿಡಿಯಿತು. ನಾನೂ ಹಾರಿದೆ.