ಅಳಿಯನ ವ್ಯಾನಿಗೆ ಮೆತ್ತಿದ ಸವುಳು ಮಣ್ಣು

ನಿಜಾಮರ ರಾಜ್ಯ ಹೋಗಿ, ನಮ್ಮ ಸೀಮೆ ಮೈಸೂರಿಗೆ ಸೇರಿದ ಹೊಸತು. ನಾನು ಯಾದಗಿರಿಯ ದವಾಖಾನೆಯಲ್ಲಿ ಔಷಧಿ ವ್ಯಾನಿನ ಡ್ರೈವರ್. ಪ್ರತಿ ಗುರುವಾರ ಹೊರಟು ಶಹಾಪುರ, ಸುರಪುರಗಳಲ್ಲಿ ಪೆಟ್ಟಿಗೆ ಇಳಿಸಿ, ಸಂಜೆ ಕೆಂಭಾವಿ ಮುಟ್ಟಬೇಕು. ಅಲ್ಲಿ ತಂಗಿ ಮರುದಿನ ತಿರುಗಿ ಬರಬೇಕು. ಕೆಂಭಾವಿ ನನ್ನ ಹೆಂಡತಿಯ ತವರು. ಚೊಚ್ಚಲ ಬಸುರಿ, ಹೆರಿಗೆಗೆ ಅಲ್ಲಿಗೆ ಹೋಗಿದ್ದಳು. ಗುರುವಾರ ಬಿಟ್ಟರೆ ಉಳಿದ ದಿನಗಳೆಲ್ಲ ನನಗೆ ಬರೀ ಕಾಯುವ ದಿನಗಳು.

ಮೋಟರು ಕಲಿಸಿದ ಉಸ್ತಾದ ಕಟ್ಟುನಿಟ್ಟಿನ ಮನುಷ್ಯ. ದಿನದ ಕೆಸರು ದಿನವೇ ತೊಳೆಯಬೇಕು, ವಾರಕ್ಕೊಮ್ಮೆ ಗಾಡಿಯ ಕೆಳಗೆ ಮಲಗಿ ಅಡಿ ನೋಡಬೇಕು. ತಪ್ಪಿದರೆ ಆ ಹೊತ್ತು ಊಟವಿಲ್ಲ. ಆ ಶಿಸ್ತನ್ನು ನಾನು ಎಂದೂ ಬಿಟ್ಟವನಲ್ಲ. ಆದರೆ ಆ ಬೇಸಿಗೆಯ ಕೊನೆಗೆ ಕೆಂಭಾವಿಯಲ್ಲೇ ಗೇರು ಮುರಿಯಿತು. ಸಾಮಾನು ಹೈದರಾಬಾದಿನಿಂದ ಬರಬೇಕಿತ್ತು. ವ್ಯಾನನ್ನು ಮಾವನ ಮನೆಯ ಮುಂದೆ ನಿಲ್ಲಿಸಿ ಯಾದಗಿರಿಗೆ ಬಂದು ಉಗ್ರಾಣದ ಕೆಲಸಕ್ಕೆ ಕೂತೆ. ಮಳೆಗಾಲವೆಲ್ಲ ಅದು ಅಲ್ಲೇ ನಿಂತಿತು. ಸಾಮಾನು ಹಿಡಿದುಕೊಂಡು ನಾನು ಹೋಗುವಷ್ಟರಲ್ಲಿ ಮಗಳು ಹುಟ್ಟಿದ್ದಳು.

ಮಾವ ಕುರಿ ಸಾಕಿ ಬಾಳಿದವರು. ಮೊಮ್ಮಗಳನ್ನು ನನ್ನ ಕೈಗಿತ್ತು, ಸಾಕಷ್ಟು ನೋಡಲೂ ಬಿಡದೆ ವ್ಯಾನಿನ ಹತ್ತಿರ ಕರೆದೊಯ್ದರು.

"ಬಗ್ಗಿ ನೋಡ್ರಿ ಅಳಿಯಾರ."

ವ್ಯಾನಿನ ಅಡಿಗೆಲ್ಲ ಬೆರಳು ದಪ್ಪ ಸವುಳು ಮಣ್ಣು ಮೆತ್ತಿದ್ದರು. ನಮ್ಮ ಕಡೆ ಮಳೆಗಾಲಕ್ಕೆ ಮೊದಲು ಮಣ್ಣಿನ ಮಾಳಿಗೆಯ ಮೇಲೆ ಈ ಉಪ್ಪಿನಂಶದ ಮಣ್ಣನ್ನೇ ಹರಡುತ್ತಾರೆ. ಹುಲ್ಲು ಹುಟ್ಟುವುದಿಲ್ಲ, ಮನೆ ಸೋರುವುದಿಲ್ಲ. ಮನೆಗೆ ಮಾಡಿದ್ದನ್ನೇ ಮಾವ ಗಾಡಿಗೂ ಮಾಡಿದ್ದರು.

"ಹೊಟ್ಟು ಕಲಸಿ ಮೆತ್ತೇನಿ. ಮಾಳಗಿ ಸೋರಿದ್ರ ಸೋರಲಿ, ಅಳಿಯಾರ ಗಾಡಿ ಮೊದಲು ಅಂದೆ. ಹ್ಯಾಂಗೈತಿ?"

ಉಗುರಿನಿಂದ ಒಂದು ಕಡೆ ಕೆರೆದೆ. ಮಣ್ಣಿನ ಜೊತೆ ಉಪ್ಪು ತಿಂದ ಕಬ್ಬಿಣವೂ ಹಾಳೆಹಾಳೆಯಾಗಿ ಕಿತ್ತು ಬಂತು.

"ಭಾಳ ಚಲೋ ಮಾಡೀರಿ ಮಾವ" ಎಂದೆ.

ಒಳಗೆ ಬಂದಾಗ ಹೆಂಡತಿ ನನ್ನ ಮುಖ ನೋಡಿ ನಕ್ಕಳು. "ಏನ್ರಿ, ಮಾರಿ ಇಷ್ಟ್ಯಾಕ ಸಣ್ಣ ಮಾಡೀರಿ? ಹಡದಾಕಿ ನಾನು, ನಿಮ್ಮ ಗಾಡಿ ಅಲ್ಲ."

ಹೇಳಿದೆ. ಹೊಸ ಸರಕಾರದವರು ಹಳೆಯ ಗಾಡಿಗಳನ್ನೆಲ್ಲ ತಪಾಸಣೆ ಮಾಡುತ್ತಾರೆ. ಅಡಿ ತುಕ್ಕು ತಿಂದಿದ್ದರೆ ಇದನ್ನು ದೂರದ ದಾರಿಗೆ ಬಿಡುವುದಿಲ್ಲ. ಆಗ ನನ್ನ ಗುರುವಾರ ಇಲ್ಲ.

ಅವಳ ನಗು ನಿಂತಿತು. "ಅಪ್ಪಗ ಮಾತ್ರ ಹೇಳಬ್ಯಾಡ್ರಿ" ಎಂದಳು.

ಮಾವನ ಕಣ್ಣೆದುರು ಆ ಮಣ್ಣು ಕೆದರಲು ಮನಸ್ಸಾಗಲಿಲ್ಲ. ಗೇರು ಕೂಡಿಸಿ, ಮಣ್ಣಿನ ಸಮೇತ ಯಾದಗಿರಿಗೆ ಓಡಿಸಿಕೊಂಡು ಬಂದೆ. ತಪಾಸಣೆಯ ತನಕ ವ್ಯಾನು ಶೆಡ್ಡಿನಲ್ಲಿ ನಿಂತಿತು. ದಿನವೂ ಕೆಲಸ ಮುಗಿಸಿ ಗೋಣಿಚೀಲ ಹಾಸಿ ಅದರ ಕೆಳಗೆ ಮಲಗುತ್ತಿದ್ದೆ. ಮೊದಲು ಮಣ್ಣು ಕೆರೆದು, ಉಪ್ಪು ಹೋಗುವ ತನಕ ಸಿಹಿನೀರು ಹೊಯ್ದು ತೊಳೆದೆ. ಪೂರ್ತಿ ಒಣಗಿಸಿ ತಂತಿಯ ಬ್ರಷ್ಷಿನಿಂದ ತಿಕ್ಕಿದೆ. ಸಂದಿಗಳನ್ನು ಚೂಪು ಕಬ್ಬಿಣದಿಂದ ಬಿಡಿಸಿದೆ. ಕಬ್ಬಿಣ ಬೆಳ್ಳಗೆ ಹೊಳೆದಲ್ಲಿ ಸೀಮೆಎಣ್ಣೆ ಬಟ್ಟೆಯಿಂದ ಒರೆಸಿ, ಅದು ಆರಿದ ಮೇಲೆ ತುಕ್ಕು ತಡೆಯುವ ಕೆಂಪು ಬಣ್ಣ ಬಳಿದೆ. ಬಣ್ಣ ಗಟ್ಟಿಯಾದ ಮೇಲೆ ಗ್ರೀಸು. ತುಕ್ಕಿನ ಪುಡಿ ಕಣ್ಣಿಗೆ ಬೀಳುತ್ತಿತ್ತು. ಕಣ್ಣು ಮುಚ್ಚಿದರೆ ಕೆಂಭಾವಿಯ ಪಡಸಾಲೆ, ಜೋಲಿ, ಬಾಣಂತಿ ಕೋಣೆಯ ಲೋಬಾನದ ವಾಸನೆ. ಮಗಳ ಮುಖವನ್ನು ನೆನಪಿಗೆ ತಂದುಕೊಳ್ಳಲು ನೋಡುತ್ತಿದ್ದೆ; ಹಣೆ ಬರುತ್ತಿತ್ತು, ಮೂಗು ಬರುತ್ತಿರಲಿಲ್ಲ.

ತಪಾಸಣೆಗೆ ಬಂದ ಅಧಿಕಾರಿ ಅವಸರ ಮಾಡಲಿಲ್ಲ. ಚಿಕ್ಕ ಸುತ್ತಿಗೆಯಿಂದ ಅಡಿಯುದ್ದಕ್ಕೂ ತಟ್ಟುತ್ತ ಹೋದರು. ಎಲ್ಲ ಕಡೆ ಕಬ್ಬಿಣ ಠಣ್ ಎನ್ನುತ್ತಿತ್ತು. ಹಿಂದಿನ ಅಡ್ಡಪಟ್ಟಿಯ ಹತ್ತಿರ ಸದ್ದು ಮಂದವಾಯಿತು. ಇನ್ನೊಮ್ಮೆ ತಟ್ಟಿದರು. ಸುತ್ತಿಗೆ ಬಣ್ಣ ಸೀಳಿ ಒಳಗೆ ಹೋಯಿತು.

"ಕೆಲಸ ಚಲೋ ಮಾಡೀರಿ. ಆದ್ರ ಒಳಗ ತಿಂದು ಹೋಗೇತ್ರಿ" ಎಂದರು. "ಊರಾಗಷ್ಟ ಓಡಿಸ್ರಿ."

ಹೀಗೆ ನನ್ನ ದಾರಿ ರೈಲ್ವೆ ಸ್ಟೇಶನ್ನಿನಿಂದ ದವಾಖಾನೆಯವರೆಗಷ್ಟೇ ಆಯಿತು. ಕೆಂಭಾವಿಗೆ ಬೇರೆ ಗಾಡಿ, ಬೇರೆ ಡ್ರೈವರ್. ಒಂದು ದಿನದ ರಜೆಯಲ್ಲಿ ಹೋಗಿ ಬರಲು ಆಗಿನ ಬಸ್ಸುಗಳು ಹೊಂದುತ್ತಿರಲಿಲ್ಲ. ಗುರುವಾರ ಆ ಡ್ರೈವರನ ಕೈಯಲ್ಲಿ ಮನೆಗೆ ಏನಾದರೂ ಕಳಿಸಿ, ಶುಕ್ರವಾರ ಸಂಜೆ ಶೆಡ್ಡಿನ ಬಾಗಿಲಲ್ಲಿ ನಿಲ್ಲುತ್ತಿದ್ದೆ. ಮಾವ ಪ್ರತಿ ಸಲ ನಮ್ಮ ಅಳಿಯಾರ ಗಾಡಿ ಹ್ಯಾಂಗೈತಿ ಎಂದು ಕೇಳುತ್ತಿದ್ದರಂತೆ. ಚಲೋ ಓಡಾಕತ್ತೈತಿ ಅಂತ ಹೇಳು ಎಂದು ಅವನಿಗೆ ಕಲಿಸಿಟ್ಟಿದ್ದೆ.

ಒಂದು ಶುಕ್ರವಾರ ಅವನು ಇಳಿಯುತ್ತಲೇ, "ನಿಮ್ಮ ಕೂಸು ಹೊಳ್ಳಿ ಬೋರಲ ಬಿದ್ದೈತ್ರಿ" ಎಂದ.

"ಯಾವ ಕಡಿಗೆ ಹೊಳ್ಳಿತು?"

"ಏ ಮಾರಾಯ್ರ! ನಾ ಔಷಧಿ ಇಳಿಸಾಕ ಹೋಗಿದ್ದೆ, ಕೂಸಿನ ಪಂಚನಾಮಿ ಮಾಡಾಕಲ್ಲ."

ಶೆಡ್ಡಿನಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ಆ ವಾರವೆಲ್ಲ ಅದೇ ಯೋಚನೆ. ಎಡಕ್ಕೆ ಮಗುಚಿದಳೋ ಬಲಕ್ಕೋ, ಕೈ ಮೈಕೆಳಗೆ ಸಿಕ್ಕಿತೋ, ಅತ್ತಳೋ.

ಮುಂದಿನ ಶುಕ್ರವಾರ ಗಾಡಿ ಇನ್ನೂ ನಿಂತಿರಲಿಲ್ಲ, ಅವನು ಕಿಟಕಿಯಿಂದ ತಲೆ ಹೊರಹಾಕಿ ಕೂಗಿದ: "ಎಡಕ್ರಿ, ಎಡಕ!" ಆಮೇಲೆ ಕೆಳಗಿಳಿದು, ಕೈ ಒರೆಸಿಕೊಳ್ಳುತ್ತ, "ಅದು ಹ್ವಾದ ವಾರದ್ದು. ಈಗ ಎರಡೂ ಕಡಿ ಹೊಳ್ಳಾಕತ್ತೈತಂತ" ಎಂದ.